ಇಂಡಿಯ ಫಲಿತಾಂಶ ಸಿಂದಗಿಯ ಕಾಗದದಲ್ಲಿ

೨೦೦೮ರಲ್ಲಿ ನಾನು ಬಿಜಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ಖಾಸಗಿ ರಕ್ತಪರೀಕ್ಷಾ ಪ್ರಯೋಗಾಲಯವೊಂದಕ್ಕೆ ಹಿಂದಿನ ತಂಡ ಬರೆದಿದ್ದ ವೆಬ್ ಅಪ್ಲಿಕೇಶನ್ನಿನ ಉಸ್ತುವಾರಿ ಆಗಷ್ಟೇ ನನಗೆ ಬಂದಿತ್ತು. ಪ್ರಯೋಗಾಲಯ ಇದ್ದದ್ದು ಬಸವನ ಬಾಗೇವಾಡಿಯಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕೇಂದ್ರಗಳಿಂದ ಮಾದರಿಗಳು ಬರುತ್ತಿದ್ದವು. ಫಲಿತಾಂಶವನ್ನು ಆಯಾ ಊರಿನ ಕೇಂದ್ರದವರು, ವೈದ್ಯರು ಇಂಟರ್ನೆಟ್ಟಿನಲ್ಲಿ ನೋಡಿ ಪ್ರಿಂಟ್ ತೆಗೆದುಕೊಳ್ಳುತ್ತಿದ್ದರು.

ಒಂದು ಮುಂಜಾನೆ ಸಿಂದಗಿಯ ಹೆರಿಗೆ ವೈದ್ಯೆ ಡಾ. ಸುಮಂಗಲಾ ಫೋನ್ ಮಾಡಿದರು. ದೇವಣಗಾಂವದ ಕಸ್ತೂರಿ ಎಂಬ ತುಂಬು ಗರ್ಭಿಣಿಯ ರಕ್ತದ ಗುಂಪು ಪರದೆಯ ಮೇಲೆ ನೆಗೆಟಿವ್ ಎಂದಿತ್ತು. ಪ್ರಿಂಟ್ ತೆಗೆದಾಗ ಪಾಸಿಟಿವ್ ಎಂದು ಬಂತು. ಹೆಸರು ಮಾತ್ರ ಆಕೆಯದೇ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಾದ ಕೂಡಲೇ ತಾಯಿಗೊಂದು ಇಂಜೆಕ್ಷನ್ ಕೊಡಬೇಕು. ತಪ್ಪಿದರೆ ಮುಂದಿನ ಬಸಿರಿಗೆ ಅಪಾಯ. ಡಾಕ್ಟರು ಆ ಕಾಗದ ನಂಬದೆ ತಾವೇ ಮತ್ತೆ ಪರೀಕ್ಷಿಸಿದ್ದರು. ಕಸ್ತೂರಿ ನೆಗೆಟಿವ್.

ಕಾಗದದಲ್ಲಿದ್ದ ಅಂಕಿಗಳು ಇಂಡಿಯ ಬೇರೊಬ್ಬ ರೋಗಿಯವು ಎಂದು ಗೊತ್ತಾದಾಗ ಪ್ರಯೋಗಾಲಯದ ಮಾಲೀಕರು ಅಲ್ಲಿನ ಕೇಂದ್ರ ನೋಡಿಕೊಳ್ಳುತ್ತಿದ್ದ ರಜಾಕ್ ಅವರ ಮೇಲೆ ಸಿಟ್ಟಾದರು. ಮಾದರಿಯ ನಂಬರು ಅದಲುಬದಲು ಮಾಡಿದ್ದು ರಜಾಕ್ ಅವರೇ ಎಂದು ಮಾಲೀಕರ ತೀರ್ಮಾನ. “ನಾಳಿಂದ ಅವನಿಗೆ ಬರಬ್ಯಾಡ ಅಂತೇನಿ,” ಎಂದರು. ಸಂಜೆವರೆಗೆ ತಡೆಯಿರಿ ಎಂದು ಕೇಳಿಕೊಂಡೆ. ನಂಬರು ತಪ್ಪಿದ್ದರೆ ಪರದೆಯಲ್ಲೂ ತಪ್ಪೇ ಕಾಣಬೇಕಿತ್ತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ನಾವು ಬಳಸುತ್ತಿದ್ದ ಫ್ರೇಮ್‌ವರ್ಕಿನಲ್ಲಿ, ಅಂದರೆ ಪ್ರೋಗ್ರಾಮಿಗೆ ಆಧಾರವಾದ ಸಿದ್ಧ ಚೌಕಟ್ಟಿನಲ್ಲಿ, ಪ್ರೋಗ್ರಾಮಿನ ಒಂದು ಭಾಗ ತನಗೆ ಬೇಕಾದ ವಸ್ತುವನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ಫ್ರೇಮ್‌ವರ್ಕ್ ತಯಾರಿಸಿ ಅದರ ಕೈಗಿಡುತ್ತದೆ. ಇದೇ ಡಿಪೆಂಡೆನ್ಸಿ ಇಂಜೆಕ್ಷನ್. ಆ ವಸ್ತು ಯಾರಿಗೆ ಸೇರಿದ್ದು, ಎಷ್ಟು ಹೊತ್ತು ಇರಬೇಕು ಎಂಬುದು ಅದರ ಸ್ಕೋಪ್. ಹೇಳದೆ ಬಿಟ್ಟರೆ ಎಲ್ಲರಿಗೂ ಸೇರಿ ಒಂದೇ ವಸ್ತು. ‘ಸದ್ಯದ ರೋಗಿ’ಯ ಮಾಹಿತಿ ಹಿಡಿದಿಡುವ ವಸ್ತುವಿಗೆ ಯಾರೂ ಸ್ಕೋಪ್ ಹೇಳಿರಲಿಲ್ಲ. ಕೊನೆಗೆ ಯಾರ ಪುಟ ತೆರೆದಿತ್ತೋ ಅವರ ಫಲಿತಾಂಶ ಅದರಲ್ಲಿ ಕೂರುತ್ತಿತ್ತು; ಪ್ರಿಂಟಿಗೆ ಹೆಸರು ತೆರೆದ ಪುಟದಿಂದ, ಅಂಕಿಗಳು ಈ ವಸ್ತುವಿನಿಂದ ಹೋಗುತ್ತಿದ್ದವು.

ಡಾಕ್ಟರಿಗೆ ಕಸ್ತೂರಿಯ ಪುಟ ತೆರೆದಿಡಲು ಹೇಳಿದೆ. ಇನ್ನೊಂದು ಫೋನಿನಲ್ಲಿ ರಜಾಕ್ ಅವರಿಗೆ ತಮ್ಮ ರೋಗಿಯೊಬ್ಬರ ಪುಟ ತೆರೆಯಲು ಹೇಳಿದೆ. ಆಮೇಲೆ ಡಾಕ್ಟರು ಪ್ರಿಂಟ್ ಒತ್ತಿದರು. ಕಸ್ತೂರಿಯ ಹೆಸರಿನ ಕೆಳಗೆ ಮತ್ತೆ ಇಂಡಿಯ ಅಂಕಿಗಳು ಬಂದವು. ಒಬ್ಬರೇ ಕೂತು ಪರೀಕ್ಷಿಸಿದರೆ ಎಂದೂ ಕಾಣದ ದೋಷ ಅದು.

ಪ್ರತಿ ಬಳಕೆದಾರನಿಗೆ ಒಂದರಂತೆ, ಅಂದರೆ ಸೆಷನ್ ಸ್ಕೋಪಿನಲ್ಲಿ ಇಟ್ಟರೆ ಸಾಕು ಎಂದುಕೊಂಡು ರಜಾಕ್ ಅವರಿಗೆ ವಿವರಿಸಿದೆ. ಅವರು ತುಸು ಯೋಚಿಸಿದರು. “ಮೇಡಂ, ಗದ್ದಲ ಇದ್ದಾಗ ನಾ ಒಬ್ಬನ ಇಬ್ಬರು ರೋಗಿಗಳ ಪುಟ ಎರಡು ವಿಂಡೋದಾಗ ತಗದಿಟ್ಟಿರ್ತೇನ್ರಿ. ಅವಾಗ ಹ್ಯಾಂಗ?” ನಿಜ, ಬಳಕೆದಾರ ಒಬ್ಬರೇ ಆದ್ದರಿಂದ ಆಗಲೂ ಅಂಕಿಗಳು ಬೆರೆಯುತ್ತಿದ್ದವು. ಹಾಗಾಗಿ ಪುಟ ತೆರೆದಾಗಲೋ ಪ್ರಿಂಟ್ ಒತ್ತಿದಾಗಲೋ ಬರುವ ಪ್ರತಿ ಕೋರಿಕೆಯ ಜೊತೆ ರೋಗಿಯ ನಂಬರು ಬರುವಂತೆ ಮಾಡಿ, ಮಾಹಿತಿ ಆ ಕೋರಿಕೆ ಮುಗಿಯುವವರೆಗೆ ಮಾತ್ರ ಇರುವ ರಿಕ್ವೆಸ್ಟ್ ಸ್ಕೋಪಿಗೆ ಬದಲಿಸಿದೆ. ವರದಿ ತಯಾರಿಸುವ ಭಾಗ ಎಲ್ಲರಿಗೂ ಒಂದೇ ಆದ್ದರಿಂದ ಅದರ ಕೈಗೆ ಪ್ರಾಕ್ಸಿ ಎಂಬ ಮಧ್ಯವರ್ತಿಯನ್ನು ಕೊಟ್ಟೆ. ಯಾವ ಕೋರಿಕೆ ಬಂದರೂ ಅದಕ್ಕೆ ಸೇರಿದ ಮಾಹಿತಿಯನ್ನಷ್ಟೇ ಅದು ತರುತ್ತಿತ್ತು.

ಕಷ್ಟವಾದದ್ದು ಅನಂತರ. ಹಿಂದೆ ಕೊಟ್ಟ ವರದಿಗಳನ್ನೆಲ್ಲ ವಾಪಸ್ ತರಿಸಿ ತಾಳೆ ನೋಡಬೇಕು ಎಂದೆ. ಮಾಲೀಕರು ಒಪ್ಪಲಿಲ್ಲ. ಹೆಸರು ಕೆಡುತ್ತದೆ ಎಂದರು. “ಇನ್ನೊಬ್ಬ ಕಸ್ತೂರಿ ಇದ್ರ ಏನ್ ಮಾಡೂದ್ರಿ?” ಎಂದು ಕೇಳಿದೆ. ಮರುದಿನ ಮೂರೂ ಕೇಂದ್ರಗಳ ಬಾಗಿಲಿಗೆ, ಹಳೆಯ ವರದಿಗಳನ್ನು ತಂದು ತೋರಿಸಿ ಎಂಬ ಚೀಟಿ ಅಂಟಿಸಿದರು. ಮುದ್ದೇಬಿಹಾಳದಲ್ಲಿ ಅಂಥದೇ ಇನ್ನೊಂದು ತಪ್ಪು ವರದಿ ಸಿಕ್ಕಿತು.

ಕಸ್ತೂರಿಯ ಮಗು ಪಾಸಿಟಿವ್ ಆಗಿತ್ತು. ಇಂಜೆಕ್ಷನ್ ಸಮಯಕ್ಕೆ ಸಿಕ್ಕಿತು.

ಇಂದಿಗೂ ಹೊಸಬರು ತಂಡಕ್ಕೆ ಸೇರಿದಾಗ, ಈ ಮಾಹಿತಿ ಯಾರದು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಮೊದಲು ಹೇಳಿ, ಆಮೇಲೆ ಕೋಡ್ ಬರೆಯಿರಿ ಎನ್ನುತ್ತೇನೆ. ಅಷ್ಟು ಫ್ರೇಮ್‌ವರ್ಕಿನ ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಇಲ್ಲದ್ದೆಂದರೆ, ಯಂತ್ರದ ತಪ್ಪು ಯಾವಾಗಲೂ ಯಾರೋ ಒಬ್ಬ ಮನುಷ್ಯನ ಹೆಸರಿನಲ್ಲೇ ಹೊರಗೆ ಬರುತ್ತದೆ ಎಂಬುದು. ಆ ವಾರ ಮಾಲೀಕರು ಒಬ್ಬರೇ ಇಂಡಿಗೆ ಹೋಗಿ, ರಜಾಕ್ ಅವರ ಎದುರು ಕೂತು ಚಹಾ ಕುಡಿದು ಬಂದರಂತೆ. ಮರುದಿನವೂ ಇಂಡಿ ಕೇಂದ್ರದ ಬಾಗಿಲು ತೆರೆದವರು ರಜಾಕ್ ಅವರೇ.