ಎಡಗಿವಿಯ ನಾಲ್ಕು ತಟ್ಟು

ಅಥವಾ ಅದು ಎಡಗಿವಿಯೇ ಆಗಿತ್ತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ದಾವಣಗೆರೆಯ ಹಾಸ್ಟೆಲ್ ಕೋಣೆ, ಒಂದು ಕಬ್ಬಿಣದ ಮಂಚ, ಇಬ್ಬರ ನಡುವೆ ಒಂದೇ ಇಯರ್‌ಫೋನು. ಎಡದ ತುದಿ ನನಗೆ, ಬಲದ್ದು ಗೆಳೆಯನಿಗೆ. ಅವನು ಗೋಡೆಯ ಕಡೆ ಕೂರುತ್ತಿದ್ದ. ಗೋಡೆ ನನ್ನ ಬಲಕ್ಕಿತ್ತು ಎಂದಾದರೆ ಇದು ಸರಿಹೋಗುತ್ತದೆ. ಗೋಡೆ ನನ್ನ ಬಲಕ್ಕಿತ್ತೇ? ಇತ್ತು ಎಂದುಕೊಂಡರೆ ಮುಂದಿನದನ್ನೆಲ್ಲ ಬರೆಯುವುದು ಸುಲಭ. ಆ ಸುಲಭದ ಬಗ್ಗೆಯೇ ನನಗೆ ಅನುಮಾನ.

ಹಾಡು ಮಾತ್ರ ಸಂಶಯವಿಲ್ಲದೆ ಅದೇ. ಒಂಬತ್ತು ನಿಮಿಷದ ಮೆಟಲ್ ಹಾಡು, ಯಾರೋ ಯಾರಿಂದಲೋ ಕಾಪಿ ಮಾಡಿಕೊಂಡ ಫೈಲು. ಏಳನೇ ನಿಮಿಷದ ಹೊತ್ತಿಗೆ ಗಿಟಾರುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದಲ್ಲಿ ಡ್ರಮ್ ಬಾರಿಸುವವನು ಕೋಲಿನ ತುದಿಯಿಂದ ಪಕ್ಕದ ಕಂಚಿನ ತಾಳದ ಅಂಚನ್ನು ನಾಲ್ಕು ಸಲ ತಟ್ಟುತ್ತಾನೆ. ಗಾಜಿನ ಲೋಟಕ್ಕೆ ಉಗುರು ತಾಗಿದಷ್ಟು ಸಣ್ಣ ಸದ್ದು. ಅದು ನಮಗಾಗಿ ಅಲ್ಲ, ಉಳಿದ ವಾದ್ಯದವರು ಒಟ್ಟಿಗೆ ಶುರು ಮಾಡಲಿ ಎಂದು. ನಾಲ್ಕನೆಯದು ಮುಗಿಯುತ್ತಿದ್ದಂತೆ ಎಲ್ಲವೂ ಒಮ್ಮೆಲೆ ಮೇಲೆ ಬೀಳುತ್ತದೆ. ನನಗೆ ಆ ಅಬ್ಬರಕ್ಕಿಂತ ಅದರ ಮುಂಚಿನ ನಾಲ್ಕು ತಟ್ಟು ಮುಖ್ಯವಾಗಿತ್ತು. ಇಷ್ಟು ದೊಡ್ಡ ಗದ್ದಲದ ಒಳಗೆ ಒಬ್ಬ ಮನುಷ್ಯ ಕೂತು ಎಣಿಸುತ್ತಿದ್ದಾನೆ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತಿತ್ತು.

ಓದು ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಫರೀದಾಬಾದಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ. ಪ್ರೆಸ್ ಶಾಪಿನಲ್ಲಿ ಮೇಲ್ವಿಚಾರಕನ ಕೆಲಸ: ತಗಡನ್ನು ಅಚ್ಚಿಗೆ ಒತ್ತಿ ಕತ್ತರಿಸುವ ಯಂತ್ರಗಳ ಸಾಲು, ಪ್ರತಿ ಏಟಿಗೂ ನೆಲ ಅದುರುತ್ತಿತ್ತು. ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜಿನ ಬೆಣೆ ಕೊಡುತ್ತಿದ್ದರು. ಹಾಕಿಕೊಂಡರೆ ಅಚ್ಚಿನ ಸದ್ದು ಕೇಳಿಸುವುದಿಲ್ಲ, ಅಚ್ಚು ಬಿರುಕು ಬಿಡುವ ಮುಂಚೆ ಅದರ ಸದ್ದು ಬದಲಾಗುತ್ತದೆ. ಹಾಗಾಗಿ ಬೆಣೆ ಎಲ್ಲರ ಜೇಬಿನಲ್ಲೇ. ನನ್ನ ಜೇಬಿನಲ್ಲೂ.

ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯ ವ್ಯಾನು ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಒಳಗೆ ಗಾಜಿನ ಕಿಟಕಿಯ ಸಣ್ಣ ಪೆಟ್ಟಿಗೆ. ಅದರಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕೇಳಿಸದವರನ್ನು ಪ್ರೆಸ್‌ನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕುತ್ತಾರೆ ಎಂಬ ಭಯ ಎಲ್ಲರಿಗೂ. ಮೊದಲ ವರ್ಷ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಪ್ರೆಸ್ ನಡೆಸುವವರಲ್ಲಿ ಎಲ್ಲರಿಗಿಂತ ಹಿರಿಯರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು.

"ಸಾಬ್, ಕಾನ್ ಸೇ ಮತ್ ಸುನಿಯೇ. ಶೀಶೇ ಮೇ ದೇಖಿಯೇ," ಎಂದರು. ಕಿವಿಯಿಂದ ಕೇಳಬೇಡಿ, ಗಾಜಿನಲ್ಲಿ ನೋಡಿ. ಪರೀಕ್ಷೆ ಮಾಡುವವನ ಭುಜ ಗಾಜಿನಲ್ಲಿ ಕಾಣುತ್ತದಂತೆ. ಸದ್ದು ಕಳಿಸುವಾಗ ಭುಜ ಅಲ್ಲಾಡುತ್ತದೆ. ಅಲ್ಲಾಡಿದಾಗ ಒತ್ತುವುದು.

"ಉಸ್ತಾದ್, ನಿಮಗೆ ಕೇಳುವುದೇ ಇಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದೆ. ಅವರು ನನ್ನ ತುಟಿ ನೋಡಿ ಅರ್ಥಮಾಡಿಕೊಂಡು ನಕ್ಕರು. "ಪೈರ್ ಸೇ ಸುನ್‌ತಾ ಹೂಂ." ಕಾಲಿನಿಂದ ಕೇಳುತ್ತೇನೆ.

ಆ ವರ್ಷ ಪೆಟ್ಟಿಗೆಯೊಳಗೆ ನಾನು ನಿಜವಾಗಿಯೂ ಕೇಳಿ ಒತ್ತಿದೆ ಎಂದು ನೆನಪು. ಯಾವ ವರ್ಷದಿಂದ ಗಾಜು ನೋಡಲು ಶುರು ಮಾಡಿದೆ ಎಂಬುದು ನೆನಪಿಲ್ಲ. ಮೊದಲು ಕೇಳಿಯೂ ನೋಡಿಯೂ ಒತ್ತಿರಬೇಕು. ಸುರಕ್ಷತೆಯ ಫೈಲು ನನ್ನ ಸುಪರ್ದಿಯಲ್ಲಿತ್ತು. ಉಸ್ತಾದರ ಹೆಸರಿನ ಮುಂದೆ 'ನಾರ್ಮಲ್', ನನ್ನ ಹೆಸರಿನ ಮುಂದೆ 'ನಾರ್ಮಲ್'. ಕೆಳಗೆ ನನ್ನದೇ ಸಹಿ.

ಹೆಡ್‌ಫೋನ್‌ಗಳ ಹುಚ್ಚು ಹತ್ತಿದ್ದು ಅದೇ ವರ್ಷಗಳಲ್ಲಿ. ಸಂಬಂಧ ಇದೆಯೇ ಎಂದು ಈಗ ಕೇಳಿಕೊಳ್ಳುತ್ತೇನೆ, ಆಗ ಕೇಳಿಕೊಳ್ಳಲಿಲ್ಲ. ಆಗ ಗೊತ್ತಿದ್ದದ್ದು ಇಷ್ಟೇ: ಆ ಹಾಡಿನ ನಾಲ್ಕು ತಟ್ಟು ಸ್ಪಷ್ಟವಾಗಿ ಕೇಳಿಸುವ ಹೆಡ್‌ಫೋನ್ ಬೇಕು. ಮೊದಲನೆಯದರಲ್ಲಿ ಬೇಸ್, ಅಂದರೆ ಕೆಳಗಿನ ಸ್ವರ, ಎಷ್ಟು ಊದಿಕೊಂಡಿತ್ತೆಂದರೆ ಎರಡು ಕಾಲಿನಿಂದ ಒದೆಯುವ ಡ್ರಮ್ಮು ನಮ್ಮ ಅಪಾರ್ಟ್‌ಮೆಂಟಿನ ಜನರೇಟರಿನಂತೆ ಕೇಳುತ್ತಿತ್ತು. ಮೆಟಲ್‌ಗೆ ಬೇಕಾದದ್ದು ಬೇಗ ನಿಲ್ಲುವ ಹೆಡ್‌ಫೋನು. ಒಂದು ಏಟು ಮುಗಿದ ಮೇಲೆಯೇ ಇನ್ನೊಂದು ಬರಬೇಕು. ಎರಡನೆಯದು ಓಪನ್ ಬ್ಯಾಕ್, ಹಿಂಬದಿ ತೆರೆದದ್ದು. ವಾದ್ಯಗಳು ಒಂದೊಂದಾಗಿ ದೂರ ದೂರ ನಿಂತಂತೆ ಕೇಳುತ್ತವೆ, ಆದರೆ ಹೊರಗಿನದೂ ಒಳಗೆ ಬರುತ್ತದೆ. ಮುಂದೆ ಕೆಲಸ ಬದಲಿಸಿ ಸೇರಿದ ನೋಯ್ಡಾದ ಮನೆಯಲ್ಲಿ ಬೇಸಿಗೆಗೆ ಕೂಲರ್‌ನ ಸದ್ದು, ಚಳಿಗೆ ಬಿಸಿಗಾಳಿಯ ಬ್ಲೋವರ್‌ನ ಸದ್ದು. ಎರಡೂ ಬೇಡದ ಕೆಲವು ವಾರ ಸಿಗುತ್ತವೆ, ಆ ವಾರಗಳಲ್ಲಿ ರಸ್ತೆಯ ತುಂಬ ಮದುವೆಯ ಬ್ಯಾಂಡು.

ಮೂರನೆಯದು ಫೋನಿಗೆ ಸಿಕ್ಕಿಸಿದರೆ ಪಿಸುಗುಡುತ್ತಿತ್ತು, ಆಂಪ್ಲಿಫೈಯರ್ ಇಲ್ಲದೆ ಏಳುತ್ತಲೇ ಇರಲಿಲ್ಲ. ಹಾಗಾಗಿ ಟ್ಯೂಬ್ ಆಂಪ್ ಬಂತು. ಕೆಂಡದಂತೆ ಮಿನುಗುವ ಎರಡು ಗಾಜಿನ ಬುರುಡೆ. ನೋಡಲು ಚೆಂದ, ಗಿಟಾರಿನ ಅಂಚನ್ನೆಲ್ಲ ಮೆತ್ತಗೆ ಮಾಡಿಬಿಡುತ್ತಿತ್ತು. ಅದನ್ನು ಕೊಟ್ಟು ಬುರುಡೆಯಿಲ್ಲದ, ಬರೀ ಕಪ್ಪು ಡಬ್ಬಿಯಂಥ ಆಂಪ್ ತಂದೆ, ಇಬ್ಬರು ಒಟ್ಟಿಗೆ ಕೇಳಲು ಎರಡು ಜಾಕ್ ಇದ್ದದ್ದು. ಪ್ರತಿಯೊಂದರಲ್ಲೂ ಮೊದಲ ವಾರ ತಟ್ಟು ಕೇಳಿದಂತೆ ಅನಿಸುವುದು, ಆಮೇಲೆ ಇಲ್ಲ. ಮೇಲಿನ ಸ್ವರ ಮಂದ ಎಂದು ಆನ್‌ಲೈನ್ ಜಾಹೀರಾತಿನಲ್ಲಿ ಬರೆದು ಮಾರುವುದು.

ಹಳೆಯ ಹೆಡ್‌ಫೋನ್ ಕೊಳ್ಳುವವರು ಮೆಟ್ರೋ ನಿಲ್ದಾಣದ ಗೇಟಿನ ಬಳಿ ಸಿಗುತ್ತಾರೆ. ಅಲ್ಲೇ ನಿಂತು ತಮ್ಮ ಫೋನಿನಲ್ಲಿ ಕೇಳಿ ನೋಡುತ್ತಾರೆ. ಹಾಗೆ ಬಂದ ಒಬ್ಬ ನನ್ನ 'ಮಂದ' ಹೆಡ್‌ಫೋನನ್ನು ಹಾಕಿದ ಕೂಡಲೇ ಮುಖ ಕಿವುಚಿ ಕಿತ್ತು ತೆಗೆದ.

"ಭಯ್ಯಾ, ಯೇ ತೋ ಬಹುತ್ ತೀಖಾ ಹೈ."

ಬಹಳ ಖಾರ, ಕಿವಿಗೆ ಚುಚ್ಚುತ್ತದೆ ಎಂದು. ಇವನಿಗೆ ಕೇಳುವುದು ಗೊತ್ತಿಲ್ಲ ಎಂದುಕೊಂಡು ವಾಪಸು ತಂದೆ. ಮೆಟ್ರೋದಲ್ಲಿ ಕೂತು ಮತ್ತೆ ಹಾಕಿ ನೋಡಿದೆ. ಕಂಬಳಿ ಹೊದಿಸಿದಂತೆ ಇತ್ತು. ಅವತ್ತು ಏನಾದರೂ ಹೊಳೆಯಿತೇ? ಹೊಳೆಯಿತು ಎಂದು ಹಿಂದೊಮ್ಮೆ ಇದನ್ನು ಬರೆಯಲು ಕೂತಾಗ ಬರೆದಿದ್ದೆ. ಈಗ ಹೊಡೆದು ಹಾಕಿದ್ದೇನೆ. ಹೊಳೆದಿದ್ದರೆ ಮುಂದಿನ ತಿಂಗಳು ಇನ್ನೊಂದು ಕೊಳ್ಳುತ್ತಿರಲಿಲ್ಲ.

ಹಾಸ್ಟೆಲಿನ ಗೆಳೆಯ ಅಷ್ಟರಲ್ಲಿ ಪಿಎಚ್‌ಡಿಗೆಂದು ದೆಹಲಿಗೆ ಬಂದಿದ್ದ. ಅವನ ಅಕ್ಕನ ಗಂಡ ಕೇಂದ್ರ ಸರ್ಕಾರದ ನೌಕರ, ಲೋಧಿ ಕಾಲೋನಿಯಲ್ಲಿ ಕ್ವಾರ್ಟರ್ಸ್. ದಪ್ಪ ಗೋಡೆ, ಎತ್ತರದ ಸೂರು, ಹೊರಗೆ ಬೇವಿನ ಮರ. ನನಗೆ ಗೊತ್ತಿದ್ದ ದೆಹಲಿಯಲ್ಲಿ ಹೆಡ್‌ಫೋನ್ ಪರೀಕ್ಷಿಸುವಷ್ಟು ನಿಶ್ಶಬ್ದ ಇದ್ದದ್ದು ಅದೊಂದೇ ಕಡೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದೆ, ಚೀಲದಲ್ಲಿ ಆಂಪು, ಎರಡು ಹೆಡ್‌ಫೋನು.

ಅಕ್ಕ ಒಮ್ಮೆ ಒಂದನ್ನು ಕಿವಿಗೆ ಹಿಡಿದು ನೋಡಿದರು.

"ಇದಕ್ಕಾ ಇಷ್ಟೆಲ್ಲ ಒದ್ದಾಡ್ತೀಯಾ? ನಮ್ಮ ಮಿಕ್ಸಿಗೆ ಕಡಲೆಬೇಳೆ ಹಾಕಿ ಕೊಡ್ತೀನಿ, ಕೂತ್ಕೊಂಡು ಕೇಳಪ್ಪ."

"ಅಕ್ಕಾ, ಮಿಕ್ಸೀಲಿ ಗಿಟಾರ್ ಸೋಲೋ ಬರಲ್ಲ," ಎಂದ ಗೆಳೆಯ.

"ಬರುತ್ತೆ ಕಣೋ, ಜಾರ್ ಸರಿಯಾಗಿ ಕೂರದೇ ಇದ್ದಾಗ."

ಪರೀಕ್ಷೆಯ ಕ್ರಮ ಹೀಗೆ. ಇಬ್ಬರೂ ಎದುರುಬದುರು ಕೂರುವುದು, ಒಂದೇ ಆಂಪಿಗೆ ಎರಡು ಹೆಡ್‌ಫೋನ್ ಸಿಕ್ಕಿಸುವುದು. ಏಳನೇ ನಿಮಿಷ ಬಂದಾಗ, ತಟ್ಟು ಕೇಳಿದಂತೆಲ್ಲ ಒಂದೊಂದು ಬೆರಳು ಎತ್ತುವುದು. ನಾಲ್ಕು ಬೆರಳು ಎದ್ದರೆ ಹೆಡ್‌ಫೋನ್ ಪಾಸು. ಒಂದೆರಡು ವರ್ಷ ಹೀಗೆ ಮಾಡಿದೆವು. ಅವನ ಬೆರಳು ಏಳುತ್ತಿತ್ತು, ನನ್ನದೂ ಏಳುತ್ತಿತ್ತು. ಮನೆಗೆ ಬಂದು ಒಬ್ಬನೇ ಕೇಳಿದರೆ ತಟ್ಟು ಇರುತ್ತಿರಲಿಲ್ಲ. ನೋಯ್ಡಾದ ಗದ್ದಲ ಎಂದುಕೊಳ್ಳುತ್ತಿದ್ದೆ.

ಆ ಭಾನುವಾರ ತಂದದ್ದು ಹಿಂಬದಿ ಮುಚ್ಚಿದ ದೊಡ್ಡ ಹೆಡ್‌ಫೋನು. ಕನ್ನಡಕದ ಕಡ್ಡಿ ಅಡ್ಡ ಬಂದು ಅದರ ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ ಕನ್ನಡಕ ತೆಗೆದಿಟ್ಟೆ. ಹಾಡು ಶುರುವಾಯಿತು. ಏಳನೇ ನಿಮಿಷ ಬಂತು, ಗಿಟಾರು ನಿಂತಿತು. ಎದುರಿಗೆ ಗೆಳೆಯ ಒಂದು ಬೂದು ಮಬ್ಬು, ಅಷ್ಟೇ. ಅವನ ಕೈ ಎಲ್ಲಿ ಮುಗಿಯುತ್ತದೆ, ತೊಡೆ ಎಲ್ಲಿ ಶುರುವಾಗುತ್ತದೆ ಗೊತ್ತಾಗಲಿಲ್ಲ. ನಾನು ಕಾದೆ. ಏನೂ ಬರಲಿಲ್ಲ. ಏನೂ ಇಲ್ಲದ್ದರ ಕೊನೆಗೆ ಎಲ್ಲವೂ ಒಮ್ಮೆಲೆ ಬಿದ್ದಿತು. ನನ್ನ ಕೈ ಮೊಣಕಾಲ ಮೇಲೆಯೇ ಇತ್ತು. ಹೆಡ್‌ಫೋನ್ ತೆಗೆದು ಕನ್ನಡಕ ಹಾಕಿಕೊಂಡೆ. ಅವನ ಕೈಯೂ ಮೊಣಕಾಲ ಮೇಲಿತ್ತು.

"ನೀನು ಯಾಕೆ ಎತ್ತಲಿಲ್ಲ?" ಎಂದು ಕೇಳಿದೆ.

"ನೀನು ಎತ್ತಲಿಲ್ಲವಲ್ಲ."

"ಅಂದ್ರೆ?"

ಅವನು ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಂಡ. "ಲೇ, ನನಗೆ ಅದು ಯಾವತ್ತೂ ಕೇಳಿಲ್ಲ ಕಣೋ. ಹಾಸ್ಟೆಲಲ್ಲೂ ಇಲ್ಲ. ಎಡದ್ದು ನಿನ್ನ ಹತ್ರ ಇರ್ತಿತ್ತು. ನಾಲ್ಕಿದೆ ಅಂತ ನೀನೇ ಹೇಳ್ತಿದ್ದೆ. ಬಲದಲ್ಲಿ ಬರಲ್ಲವೇನೋ ಅಂದ್ಕೊಂಡೆ."

"ಮತ್ತೆ ಇಲ್ಲಿ? ಇಲ್ಲಿ ಎರಡೂ ಕಿವಿಗೆ ಇತ್ತಲ್ಲ?"

"ಇಲ್ಲಿ ಏನೋ ಇದ್ದಂಗೆ ಅನ್ಸೋದು, ಇಲ್ಲದಂಗೂ ಅನ್ಸೋದು. ನಿನ್ನ ಬೆರಳು ನೋಡಿ ಎತ್ತುತ್ತಿದ್ದೆ. ನೀನು ಅಷ್ಟು ದೂರದಿಂದ ಹೊತ್ಕೊಂಡು ಬರ್ತಿದ್ದೆ, ಕೇಳಲ್ಲ ಅಂತ ಹೆಂಗೆ ಹೇಳ್ಲಿ?"

ನಾನೂ ಅವನ ಬೆರಳು ನೋಡಿಯೇ ಎತ್ತುತ್ತಿದ್ದೆ ಎಂದು ಹೇಳಲಿಲ್ಲ. ಅಥವಾ ಹೇಳಿದೆನೇನೋ. ಒಳಗಿಂದ ಅಕ್ಕ, "ಏನ್ರೋ, ಕರೆಂಟ್ ಹೋಯ್ತಾ? ಇಬ್ರೂ ಸುಮ್ನೆ ಕೂತಿದ್ದೀರಾ," ಎಂದದ್ದು ಮಾತ್ರ ನೆನಪಿದೆ. ಯಾರ ಬೆರಳು ಮೊದಲು ಏಳುತ್ತಿತ್ತು? ಯಾರಾದರೊಬ್ಬರದು ಮೊದಲು ಎದ್ದಿರಲೇಬೇಕು. ಇಬ್ಬರಿಗೂ ಗೊತ್ತಿಲ್ಲ.

ಮುಂದಿನ ವಾರ ನೋಯ್ಡಾದಲ್ಲಿ ಕಿವಿಯ ಡಾಕ್ಟರ ಬಳಿ ಹೋದೆ. ಅಲ್ಲೂ ಪೆಟ್ಟಿಗೆ, ಅಲ್ಲೂ ಗುಂಡಿ. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ನೋಡಲು ಏನೂ ಇರಲಿಲ್ಲ. ಆದರೂ ಕಣ್ಣು ಅತ್ತಿತ್ತ ಹೊರಳುತ್ತಿತ್ತು. ಡಾಕ್ಟರು ಕಾಗದ ತೋರಿಸಿದರು: ಗೆರೆ ಸ್ವಲ್ಪ ದೂರ ಸಮನಾಗಿ ನಡೆದು, ಎತ್ತರದ ಸ್ವರಗಳು ಶುರುವಾಗುವಲ್ಲಿ ಕೆಳಗೆ ಹೋಗಿತ್ತು. ಎಡಗಿವಿಯದು ಇನ್ನೂ ಕೆಳಗೆ. ತಾಳದ ಸದ್ದು ಇರುವುದೇ ಅಲ್ಲಿ. ಹೋದದ್ದು ಮರಳಿ ಬರುವುದಿಲ್ಲ ಎಂದರು. ಹಿಂದಿಯಲ್ಲಿ ಕೇಳಿದರು, "ಇದು ಕಾರ್ಖಾನೆಯದೋ, ಹೆಡ್‌ಫೋನಿನದೋ? ಹಳೆಯ ರಿಪೋರ್ಟ್ ಇದ್ದರೆ ತನ್ನಿ, ಯಾವಾಗ ಶುರುವಾಯಿತು ಅಂತ ನೋಡೋಣ."

ಹಳೆಯ ರಿಪೋರ್ಟುಗಳಿದ್ದವು. ಅಷ್ಟು ವರ್ಷದವೂ ಇದ್ದವು. ಎಲ್ಲದರಲ್ಲೂ ನಾರ್ಮಲ್. ಡಾಕ್ಟರು ಅವುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ, "ವಿಚಿತ್ರ," ಎಂದರು. ನಾನು ಗಾಜಿನ ವಿಷಯ ಹೇಳಲಿಲ್ಲ. ನನ್ನ ಕಿವಿ ಯಾವಾಗ ಹೋಯಿತು ಎಂದು ಹೇಳಬಹುದಾಗಿದ್ದ ಕಾಗದಗಳು ಅವೇ. ಅವುಗಳನ್ನು ಸುಳ್ಳು ಮಾಡಿದವನೂ ನಾನೇ. ಉಸ್ತಾದರವೂ ಸೇರಿ. ನಾನು ಫರೀದಾಬಾದ್ ಬಿಟ್ಟು ನೋಯ್ಡಾದ ಕಂಪನಿ ಸೇರುವ ಹೊತ್ತಿಗೆ ಅವರು ಇನ್ನೂ ಪ್ರೆಸ್ ಮೇಲೆಯೇ ಇದ್ದರು.

ಪೆಟ್ಟಿಗೆಯ ಗಾಜನ್ನೂ ಲೋಧಿ ಕಾಲೋನಿಯ ಬೆರಳನ್ನೂ ಹೀಗೆ ಅಕ್ಕಪಕ್ಕ ಇಟ್ಟಿರುವುದು ನಾನು. ಬದುಕಿನಲ್ಲಿ ಅವು ಅಕ್ಕಪಕ್ಕ ಇರಲಿಲ್ಲ. ನಡುವೆ ಎಷ್ಟೋ ಸೋಮವಾರಗಳಿದ್ದವು, ಕ್ಯಾಬಿಗೆ ಕಾಯುವುದಿತ್ತು, ಬೇರೆ ಹಾಡುಗಳಿದ್ದವು. ಜೋಡಿಸಿದ ಮೇಲೆ ಏನೋ ಅರ್ಥವಾದಂತೆ ಕಾಣುತ್ತದೆ. ಅರ್ಥವಾಗಿಲ್ಲ.

ಹಾಸ್ಟೆಲಿನಲ್ಲಿ ಕೇಳುತ್ತಿದ್ದ ಆ ಹಾಡಿನ ಫೈಲು ಎಲ್ಲೂ ಉಳಿದಿಲ್ಲ. ನೆಟ್‌ನಲ್ಲಿ ಈಗ ಸಿಗುವುದು ಅದೇ ಹಾಡಿನ ಹೊಸದಾಗಿ ಜೋರು ಮಾಡಿದ ಆವೃತ್ತಿ. ಅದರಲ್ಲಿ ಮೌನದ ಜಾಗವೂ ಜೋರಾಗಿ ಮೊರೆಯುತ್ತದೆ. ಕಂಪ್ಯೂಟರಿನಲ್ಲಿ ಸದ್ದಿನ ಅಲೆಯ ಚಿತ್ರ ತೆಗೆದು ನೋಡಿದೆ. ಆ ಜಾಗದಲ್ಲಿ ಸಣ್ಣ ಮುಳ್ಳುಗಳಿವೆ. ತಟ್ಟಿರಬಹುದು, ಗಿಟಾರಿನ ತಂತಿಯ ಮೇಲೆ ಜಾರಿದ ಬೆರಳಿರಬಹುದು. ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗನಿಗೆ ಹೆಡ್‌ಫೋನ್ ಕೊಟ್ಟು, ಅಲ್ಲಿ ಎಷ್ಟು ಸದ್ದು ಕೇಳುತ್ತದೆ ಹೇಳು ಎಂದೆ. ಅವನು ಎರಡು ಸಲ ಕೇಳಿದ. "ಕುಛ್ ತೋ ಹೈ, ಸರ್," ಎಂದ. ಏನೋ ಇದೆ. ಎಷ್ಟು ಎಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಆಪ್ ಕೋ ಕಿತ್ನೇ ಚಾಹಿಯೇ, ಸರ್?"

ನಿಮಗೆ ಎಷ್ಟು ಬೇಕು. ಹೆಡ್‌ಫೋನ್ ವಾಪಸು ತೆಗೆದುಕೊಂಡೆ.

ಆಂಪು ಮೇಜಿನ ಮೇಲೆ ಹಾಗೇ ಇದೆ, ಕೊನೆಯ ಹೆಡ್‌ಫೋನೂ ಇದೆ. ಅದು ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ, ಅದಕ್ಕಿಂತ ಮುಂಚಿನವುಗಳ ಬಗ್ಗೆಯೂ ಹೇಳಲಾರೆ. ನನ್ನ ಕಿವಿ ಕಾರ್ಖಾನೆಯಲ್ಲಿ ಹೋಯಿತೋ, ಈ ಮೇಜಿನ ಮುಂದೆ ಹೋಯಿತೋ ಗೊತ್ತಿಲ್ಲ. ಉಸ್ತಾದರಿಗೆ ಈಗ ಎಷ್ಟು ಕೇಳುತ್ತದೆ, ಗೊತ್ತಿಲ್ಲ. ಗೋಡೆ ನನ್ನ ಬಲಕ್ಕಿತ್ತೋ ಎಡಕ್ಕಿತ್ತೋ ಗೊತ್ತಿಲ್ಲ. ಆ ನಾಲ್ಕು ತಟ್ಟು ಹಾಡಿನಲ್ಲಿ ಇದ್ದವೋ, ನಾನು ಒಮ್ಮೆಯಾದರೂ ಅವನ್ನು ಕೇಳಿದ್ದೆನೋ, ಅದೂ ಗೊತ್ತಿಲ್ಲ.