ಬೇಸಿಗೆಯಲ್ಲಿ ಆರಿಸಿದ ಚಳಿಗಾಲದ ಮನೆ

ಗಲ್ಫಿನಲ್ಲಿ ಚಳಿ ಇದೆ ಎಂದರೆ ನಮ್ಮ ಕರಾವಳಿಯವರು ಇವತ್ತಿಗೂ ನಗುತ್ತಾರೆ. ನಗುವವರನ್ನೆಲ್ಲ ಜನವರಿಯಲ್ಲಿ ಅಲ್ ಐನ್ ಆಚೆಯ ಮರಳಿನ ನಡುವೆ ತಂದು ಮಲಗಿಸಬೇಕು ಅನಿಸುತ್ತದೆ ನನಗೆ.

ನನ್ನ ಗಂಡ ಅಲ್ಲಿ ಒಂದು ತೋಟದ ಮೇಲ್ವಿಚಾರಕರು. ನಾನೂ ಮಗಳೂ ಊರಿನಿಂದ ಬಂದು ಸೇರಿದ ಮೊದಲ ಚಳಿಗಾಲವನ್ನು ತೋಟದ ತಗಡಿನ ಪೋರ್ಟಾ ಕ್ಯಾಬಿನ್‌ನಲ್ಲಿ ಕಳೆದೆವು. ಬೆಳಗಾದರೆ ಒಳಗೋಡೆಯಿಂದ ನೀರಿಳಿದು ಹಾಸಿಗೆಯ ಅಡಿ ಒದ್ದೆಯಾಗಿರುತ್ತಿತ್ತು. ಮಗಳ ಎದೆ ಕಟ್ಟಿತು. ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಇನ್ನೊಂದು ಚಳಿಗಾಲ ಮಗುವನ್ನು ಹೀಗೆ ಇಡಬೇಡಿ ಎಂದರು ಡಾಕ್ಟರು. "ಹಾಗಾದ್ರೆ ನೀವಿಬ್ರೂ ಊರಿಗೆ ಹೋಗಿ" ಎಂದುಬಿಟ್ಟರು ಇವರು, ಬಸ್ಸು ಹತ್ತಿ ಪೇಟೆಗೆ ಹೋಗಿ ಬನ್ನಿ ಎಂದ ಹಾಗೆ. ಮದುವೆಯಾದಾಗಿನಿಂದ ಫೋನಿನಲ್ಲೇ ಸಂಸಾರ ಮಾಡಿದವಳು ನಾನು. ಮತ್ತೆ ಆ ಬಾಳು ನನಗೆ ಬೇಡವಾಗಿತ್ತು.

ತೋಟದ ಯಜಮಾನರು ಒಳ್ಳೆಯವರು. ವರ್ಷವಿಡೀ ಇರಲು ಚಕ್ರದ ಮೇಲಿನ ಮನೆ, ಅಂದರೆ ಒಂದು ಟ್ರೈಲರ್, ಕೊಡಿಸುತ್ತೇನೆ, ನೀವೇ ಆರಿಸಿ ಎಂದರು. ಆರಿಸಲು ಹೋದದ್ದು ಸುಡುವ ಆಗಸ್ಟಿನಲ್ಲಿ, ದುಬೈಯ ಅಲ್ ಕೂಜ್‌ನ ಒಂದು ಗೋದಾಮಿನ ಅಂಗಳಕ್ಕೆ. ಜೊತೆಗೆ ಮಗಳು, ಮತ್ತೆ ಇವರ ಗೆಳೆಯ, ಅಲ್ ಐನ್‌ನಲ್ಲಿ ಅಂಗಡಿ ಇಟ್ಟ ಬ್ಯಾರಿ.

ಗಂಡಸರಿಬ್ಬರೂ ಒಳಹೊಕ್ಕವರೇ ಎಸಿಗೆ ಅಂಗೈ ಒಡ್ಡಿದರು. ಮನೆಯಾಗಲಿ ಕಾರಾಗಲಿ, ಇಲ್ಲಿ ನಮ್ಮವರ ಪರೀಕ್ಷೆ ಅದೊಂದೇ. ಆಮೇಲೆ, ಊರಿನಿಂದ ನೆಂಟರು ಬಂದರೆ ಎಷ್ಟು ಮಂದಿ ಮಲಗಬಹುದು ಎಂಬ ಚರ್ಚೆ. ಎರಡು ಎಸಿ, ಆಳೆತ್ತರದ ಕಿಟಕಿಗಳಿದ್ದ ದೊಡ್ಡ ಗಾಡಿ ಕಂಡು ಇಬ್ಬರ ಮುಖವೂ ಅರಳಿತು.

"ಹೀಟರ್ ಉಂಟಾ?" ಎಂದೆ.

ಮಾರುವವನು ನಕ್ಕ. "ಎಂತ ಅಕ್ಕ, ದುಬೈಯಲ್ಲಿ ಹೀಟರಾ?" ಎಂದ ಗೆಳೆಯ, ಬೆವರೊರೆಸಿಕೊಳ್ಳುತ್ತಾ.

"ಸುಮ್ನಿರು ಮಾರಾಯ್ತಿ" ಎಂದರು ಇವರು.

ಕುಚ್ಚಲಕ್ಕಿ ಬೇಯಲು ಗಂಟೆ ಹಿಡಿಯುತ್ತದೆ, ಆ ಹಬೆ ಹೊರಗೆ ಹೋಗುವುದೆಲ್ಲಿ ಎಂದು ಕೇಳಿದರೆ ಮಾರುವವನು ಮೈಕ್ರೋವೇವ್ ತೋರಿಸಿದ. ನನ್ನ ಮೈ ಉರಿದುಹೋಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಳಗು ಮಾಡಿದವಳು ನಾನು, ಆರಿಸುವವರು ಇವರು.

ಮೂಲೆಯಲ್ಲಿ ಧೂಳು ಹಿಡಿದ ಸಣ್ಣ ಗಾಡಿಯೊಂದಿತ್ತು. ಯಾವುದೋ ಚಳಿ ದೇಶದಿಂದ ಬಂದದ್ದು. ದಪ್ಪ ಗೋಡೆ, ಕಿಟಕಿಗೆ ಎರಡು ಪದರದ ಗಾಜು, ಗ್ಯಾಸಿನ ಹೀಟರ್, ಒಲೆಯ ಮೇಲೆ ಹಬೆ ಎಳೆಯುವ ಫ್ಯಾನ್. ಬಗ್ಗಿ ನೋಡಿದೆ, ತಳವನ್ನೂ ಮುಚ್ಚಿದ್ದರು. ಎಸಿ ಮಾತ್ರ ಒಂದೇ.

"ಇದೆಂತ ಕೋಳಿಗೂಡು" ಎಂದರು ಇವರು. ಹಿಡಿದ ಮೊಲಕ್ಕೆ ಮೂರೇ ಕಾಲು.

"ಎರಡರಲ್ಲೂ ಎಸಿ ಹಾಕಿಸಿ. ತಂಪಾದ ಮೇಲೆ ಬಂದ್ ಮಾಡಿ, ನೀವಿಬ್ರೂ ದೊಡ್ಡದ್ರಲ್ಲಿ ಬಾಗಿಲು ಹಾಕಿ ಕೂತ್ಕೊಳ್ಳಿ. ನಾನೂ ಮಗಳೂ ಸಣ್ಣದ್ರಲ್ಲಿ ಕೂತ್ಕೊಳ್ತೇವೆ" ಎಂದೆ. ಬಿಸಿಲನ್ನೇ ತಡೆಯಲಾರದ ಗೋಡೆ ಚಳಿಯನ್ನು ತಡೆಯುವುದುಂಟೇ?

ಒಂದು ಚಹಾ ಕುಡಿಯುವಷ್ಟರಲ್ಲಿ ದೊಡ್ಡ ಗಾಡಿಯ ಬಾಗಿಲು ತೆರೆಯಿತು. ಅಂಗಿ ಬೆನ್ನಿಗಂಟಿದ್ದ ಇಬ್ಬರೂ ಯಾರೂ ಕರೆಯದೆಯೇ ನಮ್ಮಲ್ಲಿಗೆ ಬಂದು ಕೂತರು. ಇಲ್ಲಿನ್ನೂ ತಂಪಿತ್ತು.

"ಖಲಾಸ್, ಇದೇ ಆಗ್ಲಿ" ಎಂದ ಗೆಳೆಯ. ಸಣ್ಣದನ್ನೇ ತಂದೆವು.

ಜನವರಿಯ ಒಂದು ಭಾನುವಾರ ಆ ಗೆಳೆಯ ತನ್ನ ಭಾವನನ್ನು ಕರೆದುಕೊಂಡು ಬಂದ. ಹೊರಗೆ ಮಂಜು ಕವಿದಿತ್ತು. ಒಳಗೆ ಹೀಟರ್ ಉರಿಯುತ್ತಿತ್ತು, ಅನ್ನ ಕುದಿಯುತ್ತಿತ್ತು, ಗೋಡೆಯಲ್ಲಿ ಒಂದು ಹನಿ ನೀರಿಲ್ಲ. ಇವರು ಆ ಗೋಡೆ ತಟ್ಟಿ ಭಾವನಿಗೆ ಪಾಠ ಹೇಳುತ್ತಿದ್ದರು: "ಗೋಡೆ ನೋಡ್ಬೇಕು ಮಾರಾಯ್ರೆ. ಎಸಿ ನೋಡಿ ತಕೊಳ್ಳುವವ್ರಿಗೆ ತಲೆ ಇಲ್ಲ. ನಾನು ಎಲ್ಲ ನೋಡಿಯೇ ಆರಿಸಿದ್ದು."

ಗೆಳೆಯನೂ ತಲೆಯಾಡಿಸಿದ. ನಾನು ಸೌಟನ್ನು ಪಾತ್ರೆಗೆ ಕುಕ್ಕಿದೆ.

ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಮಗಳು ತಲೆಯೆತ್ತದೆ ಹೇಳಿದಳು: "ಪಪ್ಪಾ, ಯು ವಾಂಟೆಡ್ ದ ಬಿಗ್ ಒನ್."

ಒಂದೇ ಉಸಿರಿನಲ್ಲಿ, ಸಿಳ್ಳೆಯಿಲ್ಲದೆ ಹೇಳಿದಳು.