ಕೆಂಪು ಹಾಳೆ ಕಟ್ಟಿದ ಫ್ಲಾಶ್

ಮೊನ್ನೆ ಸ್ಟುಡಿಯೋದ ಅಟ್ಟದಿಂದ ಹಳೇ ಬ್ಯಾಗೊಂದನ್ನು ಇಳಿಸಿ ಒಳಗೆ ಕೈ ಹಾಕಿದೆ. ಸರಬರ ಎನ್ನುತ್ತ ಕೆಂಪು ಜಿಲಾಟಿನ್ ಹಾಳೆ ಸಿಕ್ಕಿತು. ನಗಬೇಡಿ, ಐವತ್ತು ದಾಟಿದ ಗಂಡಸು ನಾನು, ಒಂದು ಹಾಳೆ ಮುಟ್ಟಿದ್ದಕ್ಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಮ್ಮ ಶಿಕಾರಿಪುರಕ್ಕೆ ರೈಲಿಲ್ಲ, ರಫೀಕನ ಸೊರಬಕ್ಕೂ ಇಲ್ಲ. ಇಲ್ಲದವರಿಗೇ ಹುಚ್ಚು ಜಾಸ್ತಿ. ರಫೀಕ ಮದುವೆಗಳಲ್ಲಿ ನನಗೆ ಲೈಟು ಹಿಡಿಯುವವನು. ಕೆಲವು ವರ್ಷದ ಹಿಂದೆ ಜಡೆ ಅನ್ನೋ ಊರಲ್ಲೊಂದು ಆರತಕ್ಷತೆ ಮುಗಿಸಿ ಊಟಕ್ಕೆ ಕೂತಾಗ ಮೊಬೈಲಿನಲ್ಲಿ ರಾತ್ರಿ ರೈಲಿನ ಫೋಟೋ ತೋರಿಸಿದ. ಯಾರೋ ಕತ್ತಲಲ್ಲಿ ಫ್ಲಾಶ್ ಹೊಡೆದು ತೆಗೆದದ್ದು.

"ಮದುಮಗಳಿಗೆ ಹೊಡಿಯೋ ಲೈಟು ರೈಲಿಗೆ ಹೊಡೆದ್ರೆ ಎಂತ ಆಗ್ತದೆ ಅಣ್ಣ?"

ನಮಗೆ ಗೊತ್ತಿದ್ದದ್ದು ಮದುವೆಯೊಂದೇ. ಮದುಮಗಳ ಮುಂದೊಂದು ಫ್ಲಾಶ್, ಬೆನ್ನ ಹಿಂದೆ ಕೆಂಪು ಹಾಳೆ ಕಟ್ಟಿದ ಇನ್ನೊಂದು. ಕೂದಲಂಚು ಕೆಂಪಗೆ ಹೊಳೆಯಬೇಕು. ಅವಳು ವೇದಿಕೆ ಹತ್ತುವ ಮೊದಲು ಮೂರು ಸಲ ಹೊಡೆದು ನೋಡಿಕೊಳ್ಳುವುದು ನನ್ನ ಪದ್ಧತಿ. ಜೊತೆಗೆ ಬಾಯಿಚಟವೊಂದಿದೆ. ಎಲ್ಲರಿಗೂ "ಇನ್ನೂ ಸ್ವಲ್ಪ ಮುಂದೆ ಬನ್ನಿ" ಅನ್ನುತ್ತಿರುತ್ತೇನೆ. ಮಂಟಪದಲ್ಲಿ ಅದರಿಂದ ಯಾರದೋ ಕಾಲು ತುಳಿದಾರು, ಅಷ್ಟೇ.

ಮರುದಿನ ರಾತ್ರಿ ಬೈಕಿನಲ್ಲಿ ಸಾಗರ ಪೇಟೆ ದಾಟಿ ರೈಲು ಹಳಿಯ ಹತ್ತಿರ ಹೋದೆವು. ಹಳಿಯ ಈಚೆ ಕ್ಯಾಮೆರಾ ಇಟ್ಟುಕೊಂಡು ನಾನು, ಆಚೆ ಕೆಂಪು ಫ್ಲಾಶಿನ ಸ್ಟ್ಯಾಂಡ್ ಹಿಡಿದು ರಫೀಕ. ತಿರುವಿನಲ್ಲಿ ಬೆಳಕು ಕಂಡಿತು.

"ಇನ್ನೂ ಸ್ವಲ್ಪ ಮುಂದೆ ಬಾರಲೇ."

"ಸಾಕಲ್ಲ ಅಣ್ಣ?"

"ಒಂದ್ ಹೆಜ್ಜೆ ಬಾ. ಏನೂ ಆಗಲ್ಲ."

ಬಂದ. ನಾನು ಅಭ್ಯಾಸಬಲದಿಂದ ಮೂರು ಸಲ ಗುಂಡಿ ಒತ್ತಿದೆ. ಕತ್ತಲಲ್ಲಿ ಮೂರು ಸಲ ಕೆಂಪು ಮಿಂಚಿತು.

ಹಾರನ್ ಶುರುವಾದದ್ದು ನಿಲ್ಲಲೇ ಇಲ್ಲ. ಕಬ್ಬಿಣ ಕಿರುಚಿತು. ಎಂಜಿನ್ ನನ್ನ ಮುಖದ ಮುಂದೆಯೇ ದಾಟಿ, ಡಬ್ಬಿಗಳು ಒಂದೊಂದಾಗಿ ನಿಧಾನವಾಗಿ, ಕೊನೆಗೆ ಇಡೀ ರೈಲು ನಮ್ಮಿಬ್ಬರ ನಡುವೆ ನಿಂತಿತು. ರಫೀಕಾ ಎಂದು ಕೂಗಿದೆ. ಮತ್ತೆ ಕೂಗಿದೆ. ಮಂಡಿಯೂರಿ ಡಬ್ಬಿಯಡಿ ನೋಡಿದೆ. ಕಿಟಕಿಗಳ ಬೆಳಕಿನಲ್ಲಿ ಆಚೆ ಬಿದ್ದ ಸ್ಟ್ಯಾಂಡ್ ಕಂಡಿತು, ಪಕ್ಕದಲ್ಲಿ ಒಂದು ಚಪ್ಪಲಿ. ಒಂದೇ. ಅವನ ತಾಯಿಗೆ ಏನಂತ ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಡ್ರೈವರ್ ಟಾರ್ಚ್ ಹಿಡಿದು ಓಡಿಬಂದರು. "ಕೆಂಪು ತೋರ್ಸಿದ್ದು ಯಾರು? ಹಳಿ ಮುರಿದಿದ್ಯಾ?"

ನಾನು ಕ್ಯಾಮೆರಾ ತೋರಿಸಿ, "ಫೋಟೋಕ್ಕೆ ರೀ" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಿಂದೆ ಅಷ್ಟು ಜನ ಮಲಗಿದಾರೆ ರೀ. ಕೆಂಪು ಕಂಡ್ರೆ ನಮ್ಮ ಜೀವ ಬಾಯಿಗೆ ಬರುತ್ತೆ."

"ಆಚೆ ನಮ್ಮವನೊಬ್ಬ ಇದ್ದ..." ಎಂದೆ. ಅವರು ಬಗ್ಗಿ ಟಾರ್ಚ್ ಬಿಟ್ಟರು. ಆಚೆಯ ಚರಂಡಿಯಿಂದ ಸಣ್ಣ ದನಿ ಬಂತು.

"ಅಣ್ಣ, ಇಲ್ಲಿದೀನಿ."

ಹಾರನ್ ಕೇಳಿ ಉರುಳಿಕೊಂಡಿದ್ದನಂತೆ. ಅಷ್ಟು ಹೊತ್ತು ಎರಡೂ ಕಿವಿ ಮುಚ್ಚಿಕೊಂಡು ಮಲಗಿದ್ದನಂತೆ. ನಾನು ಅಲ್ಲೇ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಪೊಲೀಸು, ತಪ್ಪೊಪ್ಪಿಗೆ ಎಲ್ಲ ಆಯಿತು. ಆಗಬೇಕಾದದ್ದೇ.

ನಾನು ಒತ್ತಿ ನೋಡಿದ ಮೂರರಲ್ಲಿ ಸರಿಯಾಗಿ ಬಂದದ್ದು ಒಂದೇ ಚಿತ್ರ. ರೈಲಿನ್ನೂ ಬಂದಿಲ್ಲ. ಹಳಿಗೂ ರಫೀಕನ ಚಪ್ಪಲಿಗೂ ಎರಡು ಗೇಣು. ನನ್ನ ಕಡೆ ನೋಡಿ ನಗುತ್ತಿದ್ದಾನೆ. ಅದನ್ನು ಯಾರಿಗೂ ತೋರಿಸಿಲ್ಲ.

ಈಗ ನಮ್ಮೂರಿಗೂ ರೈಲು ಬರುತ್ತದಂತೆ. ಹಾಳೆ ಕೈಯಲ್ಲಿದ್ದಾಗಲೇ ರಫೀಕನ ಫೋನು ಬಂತು. "ಮೊದಲ್ನೇ ರೈಲು ತೆಗೀಬೇಕಲ್ಲ ಅಣ್ಣ? ನಾನು ಆಚೆ ನಿಂತ್ಕತೀನಿ."

ನಾನು ಹೇಳಿದರೆ ಇವನು ಈಗಲೂ ನಿಲ್ಲುತ್ತಾನೆ. ನನಗೆ ಇಷ್ಟು ವರ್ಷ ಹೆದರಿಕೆಯಿದ್ದದ್ದು ರೈಲಿನದಲ್ಲ, ಇವನ ಈ ನಂಬಿಕೆಯದು ಎಂದು ಆಗ ತಿಳಿಯಿತು. ಕತ್ತರಿ ತೆಗೆದುಕೊಂಡು ಹಾಳೆಯನ್ನು ಚೂರುಚೂರು ಮಾಡುತ್ತ ಹೇಳಿದೆ:

"ಹಗಲೊತ್ತು ತೆಗ್ಯಾಣ. ನೀನು ನನ್ನ ಪಕ್ಕಕ್ಕೇ ನಿಂತ್ಕಬೇಕು ನೋಡು."